ಫೋರ್ಡ್ ಮಾಡೆಲ್ ಟಿ: ಸ್ಟೀರಿಂಗ್ ಜೋಡಣೆ

1908ರಿಂದ 1927ರವರೆಗೆ ತಯಾರಾದ ಮಾಡೆಲ್ ಟಿ ಕಾರಿನ ಸ್ಟೀರಿಂಗ್ ಗೇರು ನೋಡಲು ಕಾರಿನಡಿಗೆ ಬಗ್ಗಬೇಕಿಲ್ಲ. ಅದು ಸ್ಟೀರಿಂಗ್ ಚಕ್ರದ ಕೆಳಗೇ, ಒಂದು ದುಂಡು ಡಬ್ಬಿಯೊಳಗಿದೆ. ನಡುವಿನ ಹಲ್ಲುಗಳು ಚಕ್ರದೊಂದಿಗೆ ತಿರುಗುತ್ತವೆ. ಸುತ್ತಲಿನ ಮೂರು ಪಿನಿಯನ್‌ಗಳು (ಚಿಕ್ಕ ಹಲ್ಲುಗಾಲಿಗಳು) ಡಬ್ಬಿಯ ಒಳಗೋಡೆಯ ಹಲ್ಲುಗಳ ಮೇಲೆ ಉರುಳುತ್ತ ಕೆಳಗಿನ ಶಾಫ್ಟನ್ನು ತಿರುಗಿಸುತ್ತವೆ. ಚಕ್ರ ಮತ್ತು ಶಾಫ್ಟಿನ ಸುತ್ತುಗಳ ಪ್ರಮಾಣ 4:1, ಕೊನೆಯ ವರ್ಷಗಳಲ್ಲಿ 5:1. ಇಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಸರಳವಾದ ಏರ್ಪಾಡು ಅಪರೂಪ.

ಜೋಡಿಸುವಾಗ ಮುಂದಿನ ಗಾಲಿಗಳು ನೇರವಾಗಿರಬೇಕು, ಶಾಫ್ಟಿನ ತುದಿಯ ತೋಳು ನೇರ ಕೆಳಮುಖವಾಗಿರಬೇಕು. ಆ ತೋಳಿನ ಗುಂಡು, ಅದನ್ನು ಹಿಡಿದ ಎರಡು ಹೋಳಿನ ಮುಚ್ಚಳ, ಇವೇ ಬೇಗ ಸವೆಯುವ ಭಾಗಗಳು. ಹಳೆಯ ಮೆಕ್ಯಾನಿಕ್‌ಗಳು ಗಾಲಿಯ ಕಡ್ಡಿಗಳನ್ನು ಹಿಡಿದು ಅಲುಗಾಡಿಸಿ ಸಡಿಲ ಪತ್ತೆಹಚ್ಚುತ್ತಿದ್ದರು. ಸಡಿಲವಿದ್ದರೆ ಮುಚ್ಚಳದ ಅಂಚನ್ನು ಅರದಿಂದ ತುಸುತುಸುವೇ ಉಜ್ಜಿ, ಗುಂಡನ್ನು ಬಿಗಿಯಾಗಿ ಅಪ್ಪುವಂತೆ ಮತ್ತೆ ಕೂರಿಸುತ್ತಿದ್ದರು. ಗುಂಡೇ ಸವೆದು ಮೊಟ್ಟೆಯಾಕಾರಕ್ಕೆ ಬಂದಿದ್ದರೆ ಹೊಸದೇ ಹಾಕಬೇಕು. ಕೊನೆಗೆ ಮುಂದಿನ ಎರಡು ಗಾಲಿಗಳನ್ನು ಬೆಸೆಯುವ ಟೈ ರಾಡ್ ಹೊಂದಿಸಿ, ಆ ಗಾಲಿಗಳ ಮುಂಬದಿಯ ಅಂತರವನ್ನು ಹಿಂಬದಿಗಿಂತ ಸುಮಾರು ಕಾಲು ಇಂಚು ಕಡಿಮೆ ಇಡುತ್ತಿದ್ದರು.

ಈ ಕೆಲಸದಲ್ಲಿ ಉದಾಸೀನ ಸಲ್ಲದು. ಸವೆತ ಮಿತಿಮೀರಿದರೆ ದೊಡ್ಡ ತಿರುವಿನಲ್ಲಿ ತೋಳು ತನ್ನ ಎಲ್ಲೆ ದಾಟಿ ಸಿಕ್ಕಿಕೊಳ್ಳಬಹುದು, ಆಗ ಗಾಲಿ ಮತ್ತೆ ನೇರಕ್ಕೆ ಬರುವುದಿಲ್ಲ. ನಿಮ್ಮ ಮನೆಯಲ್ಲಿ ಹಳೆಯ ಕಾರಿದ್ದರೆ, ಎಂಜಿನ್ ಚಾಲೂ ಮಾಡುವ ಮೊದಲು ದಯವಿಟ್ಟು ಸ್ಟೀರಿಂಗ್ ಪರೀಕ್ಷಿಸಿ.