ಕೌದಿಯ ಮೂಲೆಯ ಹೂವು

ಓದಲಿಕ್ಕೆಂದು ಹೊನ್ನೆಮರಡಿನಿಂದ ಸಾಗರದ ಹಾಸ್ಟೆಲಿಗೆ ಹೊರಟಾಗ ಅಮ್ಮ ನನ್ನ ಟ್ರಂಕಿನಲ್ಲಿ ಅಜ್ಜಿ ಹೊಲಿದ ಕೌದಿ ಇಟ್ಟಳು. ಹಿನ್ನೀರಿನ ಮೇಲಿಂದ ಬೀಸುವ ಮಳೆಗಾಲದ ಗಾಳಿಗೆ ಅದಕ್ಕಿಂತ ಬೆಚ್ಚಗಿನದು ನಮ್ಮ ಮನೆಯಲ್ಲಿ ಇರಲಿಲ್ಲ. ಆದರೆ ಹಾಸ್ಟೆಲಿನಲ್ಲಿ ಉಳಿದವರೆಲ್ಲ ಅಂಗಡಿಯ ರಗ್ಗು ಹೊದೆಯುತ್ತಿದ್ದರು. ಹಳೆಯ ಸೀರೆಯ ತುಂಡುಗಳು ಯಾರ ಕಣ್ಣಿಗಾದರೂ ಬಿದ್ದಾವೆಂದು ನಾಚಿ ಕೌದಿಯನ್ನು ಟ್ರಂಕಿನ ತಳಕ್ಕೆ ತಳ್ಳಿದೆ. ಆ ವರ್ಷವಿಡೀ ಚಳಿಯಲ್ಲೇ ಮಲಗಿದೆ.

ಬಹಳ ಕಾಲದ ಮೇಲೆ, ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಯ ವಿಷಯ ಓದಿದಾಗ ಆ ಟ್ರಂಕು ನೆನಪಾಯಿತು. ಸಿದ್ದಿಗಳ ಹಿರಿಯರು ಆಫ್ರಿಕಾದವರು. ಪೋರ್ಚುಗೀಸರು ಗುಲಾಮರನ್ನಾಗಿ ಗೋವಕ್ಕೆ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಡೆ ಹಿಂದೂ, ಮುಸ್ಲಿಂ, ಕ್ರೈಸ್ತ ಸಿದ್ದಿಗಳಿದ್ದಾರೆ. ತಲೆಮಾರುಗಳಿಂದ ಇಲ್ಲಿಯೇ ಬಾಳಿದರೂ ಬಣ್ಣ ನೋಡಿ ಪರದೇಶದವರೆಂದು ದೂರವಿಟ್ಟ ಸಮಾಜ ನಮ್ಮದು. ಪರಿಶಿಷ್ಟ ಪಂಗಡದ ಪಟ್ಟಿಯಲ್ಲಿ ಅವರ ಹೆಸರು ಸೇರಿದ್ದು 2003ರಲ್ಲಿ.

ಮರುವರ್ಷ, 2004ರಲ್ಲಿ, ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲರ ನೆರವಿನಿಂದ ಸಿದ್ದಿ ಹೆಂಗಸರು ಕೌದಿಗಾಗಿಯೇ ಒಂದು ಸಹಕಾರ ಕೂಟ ಕಟ್ಟಿಕೊಂಡರು. ಅವರ ಹೊಲಿಗೆ ಮೂಲೆಯಿಂದ ಹೊರಟು ಅಂಚು ಹಿಡಿದು ಸುತ್ತುತ್ತ ನಡುವಿಗೆ ಬಂದು ನಿಲ್ಲುತ್ತದೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಹೂವು ಕೂರಿಸುತ್ತಾರೆ. ಹೂವಿಲ್ಲದ ಕೌದಿ ಬೆತ್ತಲೆಯೆಂದು ಅವರ ಭಾವನೆ. ಮೊಮ್ಮಕ್ಕಳಿಗೆ ಹೊಲಿಯುತ್ತಿದ್ದದ್ದು ಈಗ ಮಾರಾಟಕ್ಕೂ ಬಂತು. 2011ರಲ್ಲಿ ನ್ಯೂಯಾರ್ಕಿನಲ್ಲಿ, ಕರಿಯರ ಚರಿತ್ರೆಗೆ ಮೀಸಲಾದ ಷಾಂಬರ್ಗ್ ಕೇಂದ್ರದ ಗೋಡೆಯ ಮೇಲೆ ಆ ಕೌದಿಗಳು ತೂಗಿದವು.

ಆ ದೇಶದಲ್ಲೂ ಕೌದಿಯ ಕಥೆಯೊಂದಿದೆ. ಅಲಬಾಮಾ ರಾಜ್ಯದಲ್ಲಿ, ನದಿಯ ತಿರುವಿನಲ್ಲಿ ಜೀಸ್ ಬೆಂಡ್ ಎಂಬ ಕರಿಯರ ಊರು. 1962ರಲ್ಲಿ, ಅವರು ಮತದಾನದ ಹಕ್ಕು ಕೇಳತೊಡಗಿದಾಗ, ಪಟ್ಟಣಕ್ಕೆ ದಾಟಿಸುವ ದೋಣಿಯನ್ನೇ ನಿಲ್ಲಿಸಿದರು. ಲಾಂಚು ನಿಂತರೆ ಊರಿನ ಪಾಡೇನೆಂದು ಶರಾವತಿ ಹಿನ್ನೀರಿನ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆ ದೋಣಿ ಮತ್ತೆ ಓಡಿದ್ದು 2006ರಲ್ಲಿ!

ಮತದಾರರಾಗಿ ಹೆಸರು ಬರೆಸಿದ್ದಕ್ಕೇ ಜಮೀನ್ದಾರರು ಕೆಲವು ಸಂಸಾರಗಳನ್ನು ಮನೆಯಿಂದ ಹೊರಹಾಕಿದರು. ಅಂಥ ಹೊತ್ತಿನಲ್ಲಿ, 1966ರಲ್ಲಿ, ಆ ಸೀಮೆಯ ಹೆಂಗಸರು 'ಫ್ರೀಡಂ ಕ್ವಿಲ್ಟಿಂಗ್ ಬೀ' ಎಂಬ ಕೌದಿ ಸಹಕಾರ ಸಂಘ ಕಟ್ಟಿದರು. ಬೆನ್ನಿಗೆ ನಿಂತವರು ಫ್ರಾನ್ಸಿಸ್ ವಾಲ್ಟರ್ ಎಂಬ ಪಾದ್ರಿ. ಆಡಳಿತ ನಡೆಸಿದಾಕೆ ಎಸ್ಟೆಲ್ ವಿದರ್‌ಸ್ಪೂನ್. ಕೌದಿಗಳು ನ್ಯೂಯಾರ್ಕಿನಲ್ಲಿ ಹರಾಜಾದವು. ಸಂಘ 23 ಎಕರೆ ನೆಲ ಕೊಂಡು ಹೊಲಿಗೆ ಮನೆ ಕಟ್ಟಿತು. ಮನೆ ಕಳೆದುಕೊಂಡ ಸಂಸಾರಗಳಿಗೂ ಅದರಲ್ಲೇ ನಿವೇಶನ ಕೊಟ್ಟಿತು. 1972ರಲ್ಲಿ ಸಿಯರ್ಸ್ ಎಂಬ ದೊಡ್ಡ ಕಂಪನಿಗೆ ದಿಂಬಿನ ಗವಸು ಹೊಲಿಯುವ ಕೆಲಸವೂ ಸಿಕ್ಕಿತು.

ಸಂಘ ಬಹುಕಾಲ ಬಾಳಿ 2012ರಲ್ಲಿ ಮುಚ್ಚಿತು. ಹೊಲಿಯುವವರು ಮುದುಕಿಯರಾಗಿದ್ದರು, ಕೆಲವರು ತೀರಿಕೊಂಡಿದ್ದರು. ಆದರೂ ಅದು ಸೋತಿತೆಂದು ನನಗನ್ನಿಸುವುದಿಲ್ಲ. ಊರಿಂದ ಹೊರಹಾಕಿಸಿಕೊಂಡವರು ಅದೇ ಊರಿನಲ್ಲಿ ಸ್ವಂತ ನೆಲದ ಮೇಲೆ ನಿಂತರಲ್ಲ!

ಎರಡೂ ಕಡೆಯ ಹೆಂಗಸರಿಗೆ ಹೊಲಿಗೆ ಮೊದಲಿಂದಲೂ ಗೊತ್ತಿತ್ತು. ಹೊಸದಾಗಿ ಬಂದದ್ದು ಒಟ್ಟಿಗೆ ಕೂತು ಇದಕ್ಕಿಷ್ಟು ಬೆಲೆ ಎಂದು ಹೇಳುವ ಧೈರ್ಯ. ಒಬ್ಬಳೇ ಹೇಳಿದರೆ ಚೌಕಾಶಿ ಮಾಡಿ ಬಾಯಿ ಮುಚ್ಚಿಸುತ್ತೇವೆ. ನಾನೂ ಮಾಡಿದ್ದೇನೆ. ಬಾಗಿಲಿಗೆ ಬಂದ ಕೌದಿಯವಳ ಹತ್ತಿರ, "ಹಳೇ ಬಟ್ಟೆ ತಾನೇ?" ಎಂದು ಅರ್ಧ ಬೆಲೆಗೆ ಇಳಿಸಿದ್ದೇನೆ. ಅವಳು ಮಾತಾಡದೆ ದುಡ್ಡು ಎಣಿಸಿಕೊಂಡು ಹೋದಳು. ಬಟ್ಟೆ ಹಳೆಯದು ನಿಜ, ಆದರೆ ಅಷ್ಟು ದಿನ ಬಗ್ಗಿಸಿದ ಬೆನ್ನು ಹಳೆಯದೇ?

ಅಜ್ಜಿಯ ಕೌದಿ ಈಗ ನನ್ನ ಮಂಚದ ಮೇಲಿದೆ. ಅದರ ಮೂಲೆಯಲ್ಲಿ ಹೂವಿಲ್ಲ. ಒಂದು ಕಡೆ ದಾರ ಬಿಟ್ಟಿದೆ. ಸೂಜಿ ಹಿಡಿದು ಕೂತಾಗಲೆಲ್ಲ, ಇಷ್ಟು ಹೊಲಿಯಲು ಅವಳಿಗೆಷ್ಟು ದಿನ ಹಿಡಿದಿರಬಹುದೆಂದು ಲೆಕ್ಕ ಹಾಕುತ್ತೇನೆ. ಲೆಕ್ಕ ಮುಗಿಯುವುದಿಲ್ಲ.