ಯಾರಿಗೂ ಬೇಡವಾದ ಗಿಟಾರ್
ಕಳೆದ ತಿಂಗಳು ಸೆಕೆಂಡ್‌ಹ್ಯಾಂಡ್ ಆಫ್‌ಸೆಟ್ ಗಿಟಾರ್ ಒಂದನ್ನ ಅಗ್ಗಕ್ಕೆ ತಗೊಂಡೆ. ಸೊಂಟದ ಎರಡು ಬದಿ ಸಮ ಇಲ್ಲದ, ಓರೆ ಆಕಾರದ್ದು. ಆಂಪ್‌ಗೆ ಹಾಕಿದರೆ ಗುಂಯ್ ಅನ್ನೋ ಸದ್ದೇ ಜಾಸ್ತಿ. ಬಿಚ್ಚೋದಕ್ಕೆ ಮುಂಚೆ ಇದರ ಇತಿಹಾಸ ಓದಿದೆ.

ಫೆಂಡರ್ ಕಂಪನಿ 1958ರಲ್ಲಿ ಜಾಝ್‌ಮಾಸ್ಟರ್ ತಂದದ್ದು ಕೂತು ನುಡಿಸುವ ಜಾಝ್ ವಾದಕರಿಗಾಗಿ. ಅವರು ಅಷ್ಟಾಗಿ ಹಚ್ಚಿಕೊಳ್ಳಲಿಲ್ಲ. ಕ್ಯಾಲಿಫೋರ್ನಿಯಾದ ಸರ್ಫ್ ಬ್ಯಾಂಡ್‌ಗಳು ಎತ್ತಿಕೊಂಡವು. 1962ರಲ್ಲಿ ಬಂದ ಜಾಗ್ವಾರ್ 1975ರ ಹೊತ್ತಿಗೆ ನಿಂತೇಹೋಯ್ತು. ಕೇಳುವವರೇ ಇಲ್ಲದ ಮೇಲೆ ಬೆಲೆ ಎಲ್ಲಿಂದ ಬರಬೇಕು? ಗಿರವಿ ಅಂಗಡಿ ಸೇರಿದ ಈ ಗಿಟಾರುಗಳು ಜೇಬಲ್ಲಿ ಕಾಸಿಲ್ಲದ ಹುಡುಗರ ಕೈಗೆ ಬಂದವು.

ನಿರ್ವಾನಾ ಬ್ಯಾಂಡಿನ ಕರ್ಟ್ ಕೋಬೇನ್ 1991ರಲ್ಲಿ ಕೊಂಡದ್ದು 1965ರ ಜಾಗ್ವಾರ್. ಅದರ ಮೂಲ ಪಿಕಪ್ ತೆಗೆದು ಹಂಬಕರ್ ಕೂರಿಸಿದ್ದು ಕೋಬೇನ್ ಅಲ್ಲ, ಹಿಂದೆ ಅದನ್ನ ಇಟ್ಟುಕೊಂಡಿದ್ದವರು. ಹಂಬಕರ್‌ನಲ್ಲಿ ಎರಡು ಸುರುಳಿ ಇರುತ್ತೆ. ಒಂದು ಹಿಡಿದ ಗುಂಯ್ ಸದ್ದನ್ನ ಇನ್ನೊಂದು ಅಳಿಸುತ್ತೆ. ತಂತಿಯ ನಾದ ಮಾತ್ರ ಇನ್ನಷ್ಟು ದಪ್ಪವಾಗುತ್ತೆ. ಡಿಸ್ಟಾರ್ಷನ್‌ಗೆ ಬೇಕಾದ್ದೂ ಅದೇ.

ನಾನೂ ಬ್ರಿಡ್ಜ್ ಹತ್ತಿರ ಒಂದು ಹಂಬಕರ್ ಹಾಕಿ ಬೆಸುಗೆ ಮಾಡಿದೆ. ಗ್ರೌಂಡ್ ವೈರ್ ಮರೆತಿದ್ದೆ, ಗುಂಯ್ ಇನ್ನೂ ಜೋರಾಯ್ತು! ಎರಡನೇ ಸಲ ಸರಿಹೋಯ್ತು. ಹಳೇದು, ಹೊಸದು ಎರಡೂ ಸದ್ದು ಈ ವಾರದ ಕಂತಿನಲ್ಲಿವೆ. ಕೇಳಿ, ಯಾವುದು ಇಷ್ಟ ಆಯ್ತು ಹೇಳಿ.