ಎರಡನೆಯ ವೈನ್: ಬೋರ್ಡೋ ತೋಟಗಳು ಬೇರೆ ತೆಗೆದ ಪಾಲಿನ ಚರಿತ್ರೆ

ಫ್ರಾನ್ಸಿನ ನೈಋತ್ಯಕ್ಕಿರುವ ಬೋರ್ಡೋ ಸೀಮೆಯಲ್ಲಿ ಹೆಸರುವಾಸಿ ದ್ರಾಕ್ಷಿತೋಟವೊಂದು ಒಂದೇ ಸುಗ್ಗಿಯ ಹಣ್ಣಿನಿಂದ ಸಾಮಾನ್ಯವಾಗಿ ಎರಡು ಕೆಂಪು ವೈನ್‌ಗಳನ್ನು ಮಾಡುತ್ತದೆ. ತೋಟದ ಹೆಸರನ್ನೇ ಹೊತ್ತು ಹೊರಡುವುದು ‘ಗ್ರಾಂ ವ್ಯಾಂ’, ಅಂದರೆ ಹಿರಿಯ ವೈನ್. ಅದರ ಮಟ್ಟಕ್ಕೆ ಬರಲಿಲ್ಲವೆಂದು ಬೇರೆ ತೆಗೆದ ಪಾಲು ಇನ್ನೊಂದು ಹೆಸರಿನಲ್ಲಿ, ಕಡಿಮೆ ಬೆಲೆಗೆ ಮಾರಾಟವಾಗುತ್ತದೆ. ಇದೇ ಎರಡನೆಯ ವೈನ್. ಬೆಳೆದವರು, ಹಿಂಡಿದವರು, ಪೀಪಾಯಿಗೆ ತುಂಬಿದವರು ಎರಡಕ್ಕೂ ಒಬ್ಬರೇ. 1855ರ ಪ್ರಸಿದ್ಧ ಶ್ರೇಣಿಪಟ್ಟಿಯ ‘ಎರಡನೆಯ ದರ್ಜೆ’ಯೊಂದಿಗೆ ಇದನ್ನು ಬೆರೆಸಿಕೊಳ್ಳುವವರು ಬಹಳ. ಆ ಪಟ್ಟಿಯಲ್ಲಿ ದರ್ಜೆ ಸಿಕ್ಕಿದ್ದು ತೋಟಗಳಿಗೆ. ಎರಡನೆಯ ವೈನ್ ತೋಟದೊಳಗಿನ ವಿಂಗಡಣೆ. ಹಾಗಾಗಿ ಮೊದಲ ದರ್ಜೆಯ ತೋಟಕ್ಕೂ ಎರಡನೆಯ ವೈನ್ ಉಂಟು, ಐದನೆಯ ದರ್ಜೆಯದಕ್ಕೂ ಉಂಟು.

ಈ ಪದ್ಧತಿ ಬೋರ್ಡೋದಲ್ಲೇ ಬೇರೂರಲು ಆ ಪಟ್ಟಿಯ ಸ್ವರೂಪವೂ ಒಂದು ಕಾರಣ. ಮೂರನೆಯ ನೆಪೋಲಿಯನ್ನನ ಕಾಲದಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಅಂತರರಾಷ್ಟ್ರೀಯ ಪ್ರದರ್ಶನಕ್ಕಾಗಿ ಬೋರ್ಡೋದ ದಲ್ಲಾಳಿಗಳು, ಬಹುಕಾಲದಿಂದ ನಡೆದುಬಂದ ಮಾರುಕಟ್ಟೆ ಬೆಲೆಗಳನ್ನು ಆಧಾರವಾಗಿಟ್ಟುಕೊಂಡು, ಕೆಂಪು ವೈನ್ ತೋಟಗಳನ್ನು ಐದು ದರ್ಜೆಗಳಲ್ಲಿ ಜೋಡಿಸಿಕೊಟ್ಟರು. ಮೆದೋಕ್ ಪ್ರದೇಶದ ಲಾಫೀತ್, ಲಾತೂರ್, ಮಾರ್ಗೋ ಮತ್ತು ಅದರ ಹೊರಗಿನ ಓ-ಬ್ರಿಯೋಂ ಮೊದಲ ದರ್ಜೆಗೆ ಸೇರಿದವು. ಮೂತೋಂ ರಾಥ್‌ಶೀಲ್ಡ್ ಆ ಸಾಲಿಗೆ ಬಂದದ್ದು 1973ರಲ್ಲಷ್ಟೇ. ಇಲ್ಲಿ ದರ್ಜೆ ಅಂಟಿಕೊಂಡಿರುವುದು ತೋಟದ ಹೆಸರಿಗೆ, ನೆಲಕ್ಕಲ್ಲ. ಅದೇ ಹಳ್ಳಿಯ ಸೀಮೆಯಲ್ಲಿ ನೆರೆಯವನ ಹೊಲವನ್ನು ಕೊಂಡರೆ ಅದರ ಹಣ್ಣೂ ಆ ಹೆಸರಿನ ಕೆಳಗೆ ಬರಬಹುದು. ತನ್ನದೇ ಹೊಲದ ಹಣ್ಣನ್ನು ಆ ಹೆಸರಿನಿಂದ ಹೊರಗಿಡುವ ಸ್ವಾತಂತ್ರ್ಯವೂ ಒಡೆಯನದೇ. ಫ್ರಾನ್ಸಿನದೇ ಇನ್ನೊಂದು ವೈನ್ ಸೀಮೆಯಾದ ಬರ್ಗಂಡಿಯಲ್ಲಿ ಹೀಗಿಲ್ಲ. ಅಲ್ಲಿ ಶ್ರೇಣಿ ಸಿಕ್ಕಿರುವುದು ನೆಲದ ತುಂಡುಗಳಿಗೆ, ಪ್ರತಿ ತುಂಡಿನ ವೈನಿಗೂ ಆ ನೆಲದ್ದೇ ಹೆಸರು. ವಿಂಗಡಣೆಯನ್ನು ಭೂಪಟವೇ ಮಾಡಿಟ್ಟಿರುವಾಗ ಎರಡನೆಯ ವೈನಿಗೆ ಅಲ್ಲಿ ಹೆಚ್ಚು ಜಾಗವಿಲ್ಲ. ಬೋರ್ಡೋದಲ್ಲಿ ಆ ಕೆಲಸ ಪ್ರತಿ ಚಳಿಗಾಲ ರುಚಿ ನೋಡುವವರ ಪಾಲಿಗೆ ಬರುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ತೋಟದವರು ವೈನನ್ನು ಪೀಪಾಯಿಗಳಲ್ಲೇ ಬೋರ್ಡೋ ಪಟ್ಟಣದ ಸಗಟು ವ್ಯಾಪಾರಿಗಳಿಗೆ ಮಾರಿಬಿಡುತ್ತಿದ್ದರು. ಬಾಟಲಿ ತುಂಬುವುದು, ಲೇಬಲ್ ಅಂಟಿಸುವುದು, ಹಡಗು ಹತ್ತಿಸುವುದು ವ್ಯಾಪಾರಿಯ ಕೆಲಸ. ಹಿರಿಯ ವೈನಿಗೆ ಸಲ್ಲದ ಪೀಪಾಯಿಗಳು ಆಗಲೂ ಇದ್ದವು, ಆದರೆ ಸಾಮಾನ್ಯವಾಗಿ ಹೆಸರಿಲ್ಲದೆ ಕಡಿಮೆ ಬೆಲೆಗೆ ಹೋಗುತ್ತಿದ್ದವು. ಅವುಗಳಿಗೆ ಸ್ವಂತ ಹೆಸರು ಕೊಟ್ಟವರಲ್ಲಿ ಶಾಟೋ ಮಾರ್ಗೋ ಮೊದಲಿಗರ ಸಾಲಿನದು. ಅಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲೇ ಎರಡನೆಯ ವೈನ್ ಬೇರೆಯಾಗಿ ಮಾರಾಟವಾಗುತ್ತಿತ್ತು, 1908ರಲ್ಲಿ ಅದಕ್ಕೆ ‘ಪಾವಿಯೋಂ ರೂಜ್’ ಎಂಬ ಹೆಸರು ಬಂತು. ಸೇಂ-ಜೂಲ್ಯಾಂ ಹಳ್ಳಿಯ ಲೆಯೋವಿಲ್ ಲಾಸ್ ಕಾಸ್ ತೋಟ ‘ಕ್ಲೋ ದ್ಯು ಮಾರ್ಕಿ’ ಎಂಬ ಹೆಸರನ್ನು ಬಳಕೆಗೆ ತಂದದ್ದೂ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ. ಆದರೂ ಪೀಪಾಯಿ ವ್ಯಾಪಾರಿಯ ಕೈಯಲ್ಲಿರುವವರೆಗೆ ಒಳಗಿರುವುದು ಯಾವ ಪಾಲು ಎಂದು ತೋಟದವರು ಖಾತರಿ ಕೊಡುವಂತಿರಲಿಲ್ಲ. 1924ರಲ್ಲಿ ಮೂತೋಂನ ತರುಣ ಒಡೆಯ ಫಿಲಿಪ್ ದ ರಾಥ್‌ಶೀಲ್ಡ್ ತನ್ನ ಇಡೀ ವೈನನ್ನು ತೋಟದಲ್ಲೇ ಬಾಟಲಿಗೆ ತುಂಬಿಸಲು ನಿರ್ಧರಿಸಿದ. ಮೊದಲ ದರ್ಜೆಯ ತೋಟಗಳೂ ಅದೇ ಹಾದಿ ಹಿಡಿದವು. ಎರಡನೆಯ ವೈನಿನ ಮುಂದಿನ ಕತೆಗೆಲ್ಲ ಇದೇ ತಳಪಾಯ.

ಇದೇ ಫಿಲಿಪ್ 1930ರ ಕೆಟ್ಟ ಸುಗ್ಗಿಯನ್ನು ಎದುರಿಸಿದ ರೀತಿ ಬೇರೆಯೇ ದಾರಿ ಹಿಡಿಯಿತು. ಮಳೆ, ಚಳಿಯಿಂದ ಸೊರಗಿದ ಆ ವರ್ಷದ ವೈನ್ ಮೂತೋಂ ಹೆಸರಿಗೆ ತಕ್ಕದ್ದಲ್ಲವೆಂದು ಅದನ್ನು ‘ಮೂತೋಂ ಕಾದೆ’ ಎಂಬ ಹೆಸರಿನಲ್ಲಿ ಮಾರಿದ. ‘ಕಾದೆ’ ಎಂದರೆ ಮನೆಯ ಕಿರಿಯ ಮಗ, ಫಿಲಿಪ್ ತಾನೂ ಕಿರಿಯ ಮಗನೇ. ವೈನ್ ಎಷ್ಟು ಚೆನ್ನಾಗಿ ಮಾರಾಟವಾಯಿತೆಂದರೆ ಮುಂದಿನ ವರ್ಷಗಳಲ್ಲಿ ಬೇಡಿಕೆ ತೀರಿಸಲು ಹೊರಗಿನ ಹಣ್ಣನ್ನು ತರಬೇಕಾಯಿತು. ಕಾಲಕ್ರಮದಲ್ಲಿ ಮೂತೋಂ ಕಾದೆ ಬೋರ್ಡೋದ ಹಲವು ಬೆಳೆಗಾರರಿಂದ ಕೊಂಡ ದ್ರಾಕ್ಷಿಯ, ಜಗತ್ತಿನೆಲ್ಲೆಡೆ ಸಿಗುವ ವ್ಯಾಪಾರಿ ವೈನ್ ಆಯಿತು. ಇಂದು ಅದನ್ನು ಮೂತೋಂನ ಎರಡನೆಯ ವೈನ್ ಎನ್ನುವುದು ತಪ್ಪು. ತೋಟದ ಸ್ವಂತ ಹಣ್ಣಿನ ಎರಡನೆಯ ವೈನ್ ಮೂತೋಂನಿಂದ ಮತ್ತೆ ಬಂದದ್ದು 1993ರ ಸುಗ್ಗಿಯಿಂದ, ಮರುವರ್ಷ ಅದಕ್ಕೆ ‘ಲ ಪೆಟಿ ಮೂತೋಂ’ ಎಂಬ ಹೆಸರು ನಿಂತಿತು. ಹೆಸರು ನೆಲವನ್ನು ಬಿಟ್ಟು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೋರ್ಡೋದಲ್ಲಿಲ್ಲ.

1930ರ ದಶಕದ ಆರ್ಥಿಕ ಕುಸಿತ, ಅದರ ಬೆನ್ನಿಗೇ ಬಂದ ಯುದ್ಧ, 1956ರ ಫೆಬ್ರವರಿಯಲ್ಲಿ ಬಳ್ಳಿಗಳನ್ನೇ ಕೊಂದ ಭೀಕರ ಚಳಿ, ಈ ಮೂರರ ನಡುವೆ ಎರಡನೆಯ ವೈನಿನ ಕಲ್ಪನೆ ಹೆಚ್ಚು ಕಡಿಮೆ ಮರೆತೇಹೋಯಿತು. ಅದನ್ನು ಆಧುನಿಕ ರೂಪದಲ್ಲಿ ಎಬ್ಬಿಸಿದ ಶ್ರೇಯಸ್ಸು ಪೊಯಾಕ್ ಹಳ್ಳಿಯ ಶಾಟೋ ಲಾತೂರ್‌ಗೆ ಸಲ್ಲಬೇಕು. 1960ರ ದಶಕದ ಆರಂಭದಲ್ಲಿ ತೋಟ ಇಂಗ್ಲೆಂಡಿನ ಪಿಯರ್ಸನ್ ಸಂಸ್ಥೆಯ ಕೈಸೇರಿದ ಮೇಲೆ ಅಲ್ಲಿ ದೊಡ್ಡ ಪ್ರಮಾಣದಲ್ಲಿ ಹೊಸ ಬಳ್ಳಿ ನೆಡಲಾಯಿತು. ಎಳೆಯ ಬಳ್ಳಿಯ ಬೇರು ಆಳಕ್ಕಿಳಿದಿರುವುದಿಲ್ಲ, ಅದರ ಹಣ್ಣಿನ ವೈನಿನಲ್ಲಿ ಸತ್ವ ಕಡಿಮೆ. ಆ ಹಣ್ಣನ್ನು ಹಿರಿಯ ವೈನಿಗೆ ಬೆರೆಸಿದರೆ ಲಾತೂರ್‌ನ ಗಡಸುತನವೇ ಕರಗಿಹೋಗುತ್ತಿತ್ತು. ಹಾಗಾಗಿ 1966ರ ಸುಗ್ಗಿಯಿಂದ ‘ಲೆ ಫೋರ್ ದ ಲಾತೂರ್’ ಶುರುವಾಯಿತು. ಆದರೆ ಇದು ಬರೀ ಎಳೆಯ ಬಳ್ಳಿಗಳ ವೈನಲ್ಲ. ಝಿರೋಂದ್ ನದಿಮುಖಕ್ಕೆ ಮುಖಮಾಡಿರುವ, ‘ಆಂಕ್ಲೋ’ ಎಂದು ಕರೆಯುವ ಸುಮಾರು 47 ಹೆಕ್ಟೇರಿನ ಹಳೆಯ ಆವರಣವೇ ಲಾತೂರ್‌ನ ಹೃದಯ. ಅದರಾಚೆಗಿನ ತೋಟದ ಹೊಲಗಳನ್ನು ಲೆ ಫೋರ್‌ಗೆಂದು ಮೀಸಲಿಡಲಾಯಿತು. ಬಿಟ್ಟ ಪೀಪಾಯಿಗಳ ಜೊತೆಗೆ ಗೊತ್ತಾದ ನೆಲವನ್ನೂ ಎರಡನೆಯ ವೈನಿಗೆ ಕೊಟ್ಟದ್ದು ಆ ಕಾಲಕ್ಕೆ ದಿಟ್ಟ ಹೆಜ್ಜೆ. ಮುಂದೆ ಕೆಲವು ವಿಮರ್ಶಕರು ಲೆ ಫೋರ್ ಅನ್ನು ಶ್ರೇಣಿಪಟ್ಟಿಯ ಹಲವು ತೋಟಗಳ ಹಿರಿಯ ವೈನ್‌ಗಳ ಸರಿಸಮ ಇಟ್ಟು ಮಾತಾಡಲು ಇದೇ ಕಾರಣ.

ಮಾರ್ಗೋದಲ್ಲಿ ಪುನರುಜ್ಜೀವನ ಬಂದದ್ದು ಸಂಕಟದ ಮೂಲಕ. 1973ರ ತೈಲ ಬಿಕ್ಕಟ್ಟು, ಅದೇ ಹೊತ್ತಿಗೆ ಬೋರ್ಡೋ ವ್ಯಾಪಾರವನ್ನು ಅಲುಗಿಸಿದ ಕಲಬೆರಕೆ ಹಗರಣ, ಬೆಲೆಗಳ ಕುಸಿತ, ಇವುಗಳ ಹೊಡೆತಕ್ಕೆ ಒಡೆಯರಾದ ಝಿನೆಸ್ತೆ ಕುಟುಂಬ ತೋಟವನ್ನು ಮಾರಲೇಬೇಕಾಯಿತು. ಅಮೆರಿಕದ ಕಂಪನಿಯೊಂದು ಕೊಳ್ಳಲು ಮುಂದೆ ಬಂದಾಗ ಫ್ರೆಂಚ್ ಸರ್ಕಾರ ಒಪ್ಪಲಿಲ್ಲ. 1977ರಲ್ಲಿ ಫೆಲಿಕ್ಸ್ ಪೊತ್ಯಾಂ ದಿನಸಿ ಅಂಗಡಿಗಳ ಒಡೆಯ, ಗ್ರೀಸ್ ಮೂಲದ ಆಂದ್ರೆ ಮೆಂತ್ಸೆಲೋಪೌಲೋಸ್ ಕೊಂಡರು. ಅವರು ಸಲಹೆಗೆ ಕರೆಸಿಕೊಂಡದ್ದು ಬೋರ್ಡೋ ವಿಶ್ವವಿದ್ಯಾಲಯದ ಎಮಿಲ್ ಪೇನೋ ಅವರನ್ನು. ವೈನಿನ ಗುಣ ಹೆಚ್ಚಿಸುವ ನೆಚ್ಚಿನ ದಾರಿ ಕಟ್ಟುನಿಟ್ಟಿನ ಆಯ್ಕೆ ಎಂಬುದು ಪೇನೋ ಜೀವಮಾನವಿಡೀ ಸಾರಿದ ಮಾತು. ಯಾವ ಪೀಪಾಯಿಯನ್ನು ಬಿಡಬೇಕೆಂದು ತಿಳಿದವನೇ ಒಳ್ಳೆಯ ವೈನ್ ಮಾಡಬಲ್ಲ. ಪಾವಿಯೋಂ ರೂಜ್ ಮತ್ತೆ ಜೀವ ತಳೆಯಿತು, 1978ರ ಮಾರ್ಗೋ ಇಡೀ ತೋಟದ ಹೆಸರನ್ನು ಮೇಲೆತ್ತಿತು. 1980ರಲ್ಲಿ ಆಂದ್ರೆ ತೀರಿಕೊಂಡ ಮೇಲೆ ಮಗಳು ಕೊರಿನ್, 1983ರಿಂದ 2016ರವರೆಗೆ ನಿರ್ದೇಶಕರಾಗಿದ್ದ ಪೋಲ್ ಪೊಂತಾಲಿಯೇ ಜೊತೆಗೂಡಿ ಈ ಆಯ್ಕೆಯನ್ನು ವರ್ಷದಿಂದ ವರ್ಷಕ್ಕೆ ಬಿಗಿಗೊಳಿಸುತ್ತ ಹೋದರು. ಅಂದಹಾಗೆ ಅದೇ ತೋಟದ ಬಿಳಿ ವೈನ್ ‘ಪಾವಿಯೋಂ ಬ್ಲಾಂ’ಗೆ ಪಾವಿಯೋಂ ರೂಜ್ ಜೊತೆ ಹೆಸರಿನಲ್ಲಿ ಮಾತ್ರ ನಂಟು. ಅದು ಸೋವಿನ್ಯಾನ್ ಬ್ಲಾಂ ದ್ರಾಕ್ಷಿಯ ಸ್ವತಂತ್ರ ವೈನ್.

ಆಯ್ಕೆ ನಡೆಯುವ ಬಗೆ ಹೀಗೆ. ಶರತ್ಕಾಲದಲ್ಲಿ ಕೊಯ್ದ ಹಣ್ಣು ತಳಿವಾರು, ಹೊಲವಾರು ಬೇರೆ ಬೇರೆ ತೊಟ್ಟಿಗಳಲ್ಲಿ ಹುದುಗುತ್ತದೆ. ಮೆದೋಕ್‌ನಲ್ಲಿ ಕ್ಯಾಬರ್ನೆ ಸೋವಿನ್ಯಾನ್ ಮುಖ್ಯ ತಳಿ. ಮೆರ್ಲೋ, ಕ್ಯಾಬರ್ನೆ ಫ್ರಾಂ, ಪೆಟಿ ವೆರ್ದೋ ಅದರ ಸಂಗಾತಿಗಳು. ಚಳಿಗಾಲದಲ್ಲಿ ತೋಟದವರೂ ಸಲಹೆಗಾರರೂ ಕೂತು ಪ್ರತಿ ತೊಟ್ಟಿಯ ವೈನನ್ನು ಸವಿದು ಮಿಶ್ರಣ ಗೊತ್ತುಮಾಡುತ್ತಾರೆ. ಎರಡನೆಯದಕ್ಕೆ ಹೋಗುವುದು ಏನು? ಎಳೆಯ ಬಳ್ಳಿಗಳ ಹಣ್ಣು, ಗರಸು ತೆಳುವಾಗಿ ಜೇಡಿಮಣ್ಣೋ ಮರಳೋ ಮೇಲೆ ಬಂದ ಹೊಲಗಳದ್ದು, ಆ ವರ್ಷ ಸರಿಯಾಗಿ ಹದಕ್ಕೆ ಬಾರದ ತಳಿ, ಸಿಪ್ಪೆಯನ್ನು ಗಟ್ಟಿಯಾಗಿ ಹಿಂಡಿದಾಗ ಬಂದ ಒರಟು ರಸ. ಇಲ್ಲಿ ಮೆರ್ಲೋ ಪಾಲು ಸಾಮಾನ್ಯವಾಗಿ ಹೆಚ್ಚು, ಆದ್ದರಿಂದ ಒಗರು ಕಡಿಮೆ, ಮೈ ಮೃದು. ಹಿರಿಯ ವೈನ್ 225 ಲೀಟರಿನ ಓಕ್ ಪೀಪಾಯಿಗಳಲ್ಲಿ ಬಹುಪಾಲು ಹೊಸವನ್ನೇ ಬೇಡಿದರೆ, ಎರಡನೆಯದು ಒಮ್ಮೆ ಬಳಸಿದ ಪೀಪಾಯಿಗಳಲ್ಲೂ ನೆಮ್ಮದಿಯಾಗಿ ಮಾಗುತ್ತದೆ. ಹಿರಿಯದಕ್ಕೆ ಎರಡು ದಶಕ ಕಾಯಬೇಕಾದಲ್ಲಿ ಕಿರಿಯದನ್ನು ಐದಾರು ವರ್ಷಕ್ಕೇ ತೆಗೆಯಬಹುದು. ಊಟದ ಮೇಜಿಗೆ ಇದು ಕೊರತೆಯಲ್ಲ, ಅನುಕೂಲ.

1980ರ ದಶಕದಲ್ಲಿ ಎರಡನೆಯ ವೈನ್ ಒಂದೆರಡು ತೋಟಗಳ ರೂಢಿಯಿಂದ ಇಡೀ ಸೀಮೆಯ ರೂಢಿಯಾಯಿತು. ದೊಡ್ಡ ಬೆಳೆಗಳು ಬಂದವು. ರಾಬರ್ಟ್ ಪಾರ್ಕರ್‌ರಂತಹ ವಿಮರ್ಶಕರು ಕೊಡುವ ಅಂಕಗಳು ಬೆಲೆ ನಿರ್ಧರಿಸತೊಡಗಿದವು. ಅಂಕ ಸಿಗುವುದು ಹಿರಿಯ ವೈನಿಗಾದ್ದರಿಂದ ಅದನ್ನು ಕಿರಿದುಗೊಳಿಸಿ ಸಾಂದ್ರಗೊಳಿಸುವುದು ಲಾಭದ ದಾರಿಯಾಯಿತು. ಲಾಫೀತ್ ತನ್ನ ಎರಡನೆಯ ವೈನಿಗೆ, ತೋಟ 1845ರಲ್ಲಿ ಕೊಂಡ ದಿಬ್ಬದ ಹೆಸರಿನಲ್ಲಿ, ‘ಕಾರುವಾದ್ ದ ಲಾಫೀತ್’ ಎಂದು ಹೆಸರಿಟ್ಟಿತು. ದೋರ್ದೋನ್ ನದಿಯಾಚೆ ಸೇಂತೆಮಿಲಿಯೋಂನಲ್ಲಿ ಶೆವಾಲ್ ಬ್ಲಾಂ 1988ರಿಂದ ‘ಲ ಪೆಟಿ ಶೆವಾಲ್’ ತಂದಿತು. 1994ರಲ್ಲಿ ಕೋಸ್ ದೆಸ್ತೂರ್ನೆಲ್ ತೋಟದ ‘ಲೆ ಪಾಗೋದ್ ದ ಕೋಸ್’ ಬಂತು. ಈ ಹೆಸರಿಗೆ ಭಾರತದ ನಂಟಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಆ ತೋಟ ಕಟ್ಟಿದ ಲೂಯಿ-ಗಾಸ್ಪಾರ್ ದೆಸ್ತೂರ್ನೆಲ್ ತನ್ನ ವೈನನ್ನು ಭಾರತಕ್ಕೆ ರಫ್ತು ಮಾಡುತ್ತಿದ್ದ, ಆ ವ್ಯಾಪಾರದ ನೆನಪಿಗೆ ಉಗ್ರಾಣದ ಮೇಲೆ ಪೂರ್ವದೇಶದ ಪಗೋಡಾ ಗೋಪುರಗಳನ್ನು ಎಬ್ಬಿಸಿದ.

ಆಯ್ಕೆ ಎಷ್ಟು ಬಿಗಿಯಾಯಿತೆಂದರೆ 2010ರಂಥ ಅತ್ಯುತ್ತಮ ವರ್ಷದಲ್ಲೂ ಮಾರ್ಗೋ ಬೆಳೆಯ ಶೇಕಡ 40ರಷ್ಟು ಕೂಡ ಹಿರಿಯ ವೈನಿಗೆ ಸೇರಲಿಲ್ಲ. ಒಂದು ಕಾಲದ ಹಿರಿಯ ವೈನಿಗೆ ಸಲೀಸಾಗಿ ಸೇರುತ್ತಿದ್ದ ಹಣ್ಣು ಈಗ ಎರಡನೆಯದರಲ್ಲಿ ಬರುತ್ತದೆ. ಹಣ್ಣು ಆರಿಸುವ ಯಂತ್ರಗಳು, ಚಿಕ್ಕ ತೊಟ್ಟಿಗಳು, ಬೇಸಿಗೆಯ ಹೆಚ್ಚಿದ ಬಿಸಿಲು ಸೇರಿ ಅದರ ಮಟ್ಟವನ್ನು ಇನ್ನಷ್ಟು ಏರಿಸಿವೆ. ಆದರೆ ‘ಎರಡನೆಯ ವೈನ್’ ಎಂಬ ಮಾತಿಗೆ ಹಳ್ಳಿವಾರು ಮೂಲಸೂಚಿಯ ನಿಯಮಗಳಲ್ಲಿ ಇಷ್ಟೇ ಗುಣ, ಇಷ್ಟೇ ಪಾಲು ಎಂಬ ಅಳತೆಯಿಲ್ಲ. ಕೆಲವು ತೋಟಗಳಿಗೆ ಅದು ಕಟ್ಟುನಿಟ್ಟಿನ ಫಲ, ಇನ್ನು ಕೆಲವಕ್ಕೆ ದೊಡ್ಡ ಹೆಸರಿನ ನೆರಳಲ್ಲಿ ಸಾಧಾರಣ ಸರಕು ಮಾರುವ ಉಪಾಯ. ಕೊಳ್ಳುವವನಿಗೆ ಲೇಬಲ್ ಇದನ್ನು ಹೇಳುವುದಿಲ್ಲ, ತೋಟದ ನಡತೆಯನ್ನು ಹಲವು ವರ್ಷ ಗಮನಿಸಿದವರೇ ಹೇಳಬೇಕು.

ಹೆಸರಿನ ನೆರಳಿಗೆ ಎಷ್ಟು ಬೆಲೆ ಬರಬಹುದೆಂಬುದನ್ನು ಚೀನಾದ ಕೊಳ್ಳುಗರು ತೋರಿಸಿದರು. 2008ರಲ್ಲಿ ಹಾಂಗ್‌ಕಾಂಗ್ ವೈನ್ ಮೇಲಿನ ಸುಂಕ ತೆಗೆದುಹಾಕಿತು. ಲಾಫೀತ್ ಚೀನಾದಲ್ಲಿ ಉಡುಗೊರೆಯ ವೈನಾಗಿ ವಿಜೃಂಭಿಸಿತು. ತೋಟದವರು 2008ರ ಬಾಟಲಿಯ ಮೇಲೆ ಚೀನೀಯರ ಶುಭಸಂಖ್ಯೆ ಎಂಟನ್ನು ಕೆತ್ತಿಸಿದರು. ಲಾಫೀತ್ ಕೈಗೆಟುಕದವರು ಕಾರುವಾದ್‌ಗೆ ಮುಗಿಬಿದ್ದರು. 2010-11ರ ಹೊತ್ತಿಗೆ ಅದರ ಬೆಲೆ ಶ್ರೇಣಿಪಟ್ಟಿಯ ಹಲವು ತೋಟಗಳ ಹಿರಿಯ ವೈನ್‌ಗಳನ್ನೇ ಹಿಂದಿಕ್ಕಿತು. ಬಾಟಲಿಯೊಳಗೆ ಅಂಥ ಬದಲಾವಣೆ ಏನೂ ಆಗಿರಲಿಲ್ಲ. 2011ರ ನಂತರ ಬೆಲೆ ಇಳಿಯಿತು, ಆದರೂ ಮೊದಲ ದರ್ಜೆಯ ತೋಟಗಳ ಎರಡನೆಯ ವೈನ್ ‘ಅಗ್ಗದ ಬದಲಿ’ಯಾಗಿದ್ದ ಕಾಲ ಮತ್ತೆ ಬರಲಿಲ್ಲ.

ಇದೇ ವರ್ಷಗಳಲ್ಲಿ ತೋಟಗಳು ಕಿರಿಯ ವೈನಿನ ಗುರುತನ್ನು ತಿದ್ದತೊಡಗಿದ್ದವು. ಓ-ಬ್ರಿಯೋಂನ ‘ಬಹಾಂ’ 2007ರ ಸುಗ್ಗಿಯಿಂದ ‘ಲ ಕ್ಲಾರೆನ್ಸ್’ ಆಯಿತು, 1935ರಲ್ಲಿ ತೋಟ ಕೊಂಡ ಅಮೆರಿಕದ ಬ್ಯಾಂಕರ್ ಕ್ಲಾರೆನ್ಸ್ ಡಿಲನ್ ನೆನಪಿಗೆ. ಲಾಸ್ ಕಾಸ್ ಕೂಡ ಅದೇ 2007ರ ಸುಗ್ಗಿಯಿಂದ ಕ್ಲೋ ದ್ಯು ಮಾರ್ಕಿಯನ್ನು ಸ್ವಂತ ನೆಲದ ಸ್ವತಂತ್ರ ವೈನೆಂದು ಬೇರ್ಪಡಿಸಿ, ಎರಡನೆಯ ವೈನಿನ ಜಾಗಕ್ಕೆ ‘ಲ ಪೆಟಿ ಲಿಯೋಂ’ ತಂದಿತು. ಶಾಟೋ ಪಾಮರ್ 1998ರಿಂದ ಮಾಡುವ ‘ಆಲ್ಟರ್ ಈಗೋ’ ಎರಡನೆಯದಲ್ಲ, ಅದೇ ನೆಲದ ಇನ್ನೊಂದು ಮುಖ ಎಂದು ವಾದಿಸುತ್ತದೆ. ಎರಡನೆಯದು ಮೇಲೇರಿದಂತೆ ಅದರಿಂದಲೂ ಬೇರೆ ತೆಗೆದದ್ದಕ್ಕೆ ಜಾಗ ಬೇಕಾಯಿತು. ಲಾತೂರ್ ‘ಪೊಯಾಕ್ ದ ಲಾತೂರ್’ ಎಂಬ ಮೂರನೆಯ ವೈನನ್ನು 1990ರಿಂದ ನಿಯಮಿತವಾಗಿ ಮಾಡುತ್ತಿದೆ. ಮಾರ್ಗೋ ಮೊದಲು ಸಗಟಾಗಿ ಮಾರಿಬಿಡುತ್ತಿದ್ದ ಪಾಲನ್ನು 2009ರ ಸುಗ್ಗಿಯಿಂದ ‘ಮಾರ್ಗೋ ದ್ಯು ಶಾಟೋ ಮಾರ್ಗೋ’ ಎಂದು ಬಾಟಲಿಗೆ ತುಂಬುತ್ತಿದೆ. 2012ರಲ್ಲಿ ಲಾತೂರ್, ವೈನ್ ಪೀಪಾಯಿಯಲ್ಲಿರುವಾಗಲೇ ಮುಂಗಡವಾಗಿ ಮಾರುವ ಬೋರ್ಡೋ ಪದ್ಧತಿಯಿಂದಲೇ ಹೊರಬಂದು, ಲೆ ಫೋರ್ ಸೇರಿದಂತೆ ತನ್ನ ವೈನ್‌ಗಳನ್ನು ಕುಡಿಯುವ ಹದಕ್ಕೆ ಬಂದ ಮೇಲೆ ಬಿಡುವುದಾಗಿ ತಿಳಿಸಿತು.

ಪದ್ಧತಿ ಫ್ರಾನ್ಸಿನ ಹೊರಗೂ ಹಬ್ಬಿತು. ಫಿಲಿಪ್ ದ ರಾಥ್‌ಶೀಲ್ಡ್ ಮತ್ತು ರಾಬರ್ಟ್ ಮೊಂಡಾವಿ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಓಪಸ್ ಒನ್‌ಗೆ ‘ಓವರ್ಚರ್’, ಇಟಲಿಯ ಒರ್ನೆಲ್ಲಾಯಾಗೆ 1997ರಿಂದ ‘ಲೆ ಸೆರ್ರೆ ನುವೊವೆ’. ಹೊಸ ವೈನ್ ದೇಶಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಇದಕ್ಕೆ ತಿರುಗುಮುರುಗಾದ ಕ್ರಮ. ಅಲ್ಲಿ ತೋಟದ ಹೆಸರು ಸಾಮಾನ್ಯ ವೈನಿಗೆ, ಉತ್ತಮವಾದದ್ದಕ್ಕೆ ‘ರಿಸರ್ವ್’ ಎಂಬ ಸೇರ್ಪಡೆ. ಬೋರ್ಡೋದ ವೈನ್ ತಜ್ಞ ಮಿಶೆಲ್ ರೋಲಾಂ ಸಲಹೆ ಪಡೆದ ನಂದಿಬೆಟ್ಟದ ತಪ್ಪಲಿನ ಗ್ರೋವರ್ ತೋಟ ‘ಲಾ ರಿಸರ್ವ್’ ಎಂಬ ಹೆಸರಿಟ್ಟಾಗ ಹಿಡಿದದ್ದೂ ಈ ಕ್ರಮವನ್ನೇ. ಇನ್ನು ಬೋರ್ಡೋದೊಳಗೂ ಎಲ್ಲರೂ ಒಂದೇ ದಾರಿಯಲ್ಲಿಲ್ಲ. ಪೊಮೆರೋಲ್‌ನ ಪೆಟ್ರುಸ್, ಸುಮಾರು 11 ಹೆಕ್ಟೇರಿನ ಚಿಕ್ಕ ತೋಟ, ಎರಡನೆಯ ವೈನನ್ನು ಮಾಡುವುದೇ ಇಲ್ಲ. ಮಾಡುವ ತೋಟಗಳೂ ಪ್ರತಿ ವರ್ಷ ಮಾಡಬೇಕೆಂದೇನಿಲ್ಲ. 2015ರ ಸುಗ್ಗಿಯ ಹಣ್ಣು ಎಲ್ಲ ಹೊಲಗಳಲ್ಲೂ ಚೆನ್ನಾಗಿ ಬಂದಿತೆಂದು ಶೆವಾಲ್ ಬ್ಲಾಂ ಆ ವರ್ಷ ಪೆಟಿ ಶೆವಾಲ್ ಹೊರತರಲಿಲ್ಲ.